ಬುಡದ ಹೊರೆ

ಚಿಕ್ಕಹನುಮಕ್ಕ ಅವನಿಗೆ ಕೈ ಮುಗಿದಿದ್ದಳು. ಹಸು ಸತ್ತದ್ದು ಒಂದು ಕಡೆಗಿರಲಿ, ಆ ಕೈ ಮುಗಿದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಅವಳಿಗೆ ಅಂಗೈ ಉರಿಯುತ್ತದೆ.

ಮಿಡಿಗೇಶಿ ಬೆಟ್ಟದ ಕೋಟೆ ಕಾಣುವ ಊರು ಅದು. ಅಲ್ಲಿ ಚಂದ್ರಶೇಖರನಿಗೆ ಎಂಟು ಸೀಮೆಹಸು. ಅವುಗಳ ಹೊಟ್ಟೆಗೆಂದೇ ಎರಡು ಎಕರೆ ಮುಸುಕಿನ ಜೋಳ. ಆ ಜೋಳ ಕುಯ್ಯುವುದು, ಹೊರೆ ಹೊರುವುದು, ಮಿಷನ್ನಿಗೆ ಕೊಟ್ಟು ಕತ್ತರಿಸುವುದು, ಗೋದಲಿಗೆ ಸುರಿಯುವುದು, ಆಮೇಲೆ ಅವು ಹಾಕಿದ ಸಗಣಿ ಬಾಚುವುದು, ಎಲ್ಲದಕ್ಕೂ ಚಿಕ್ಕಹನುಮಕ್ಕ. ಎ.ಕೆ. ಕಾಲೊನಿಯ ಕೊನೆಯ ಮನೆಯವಳು. ಎಂಟು ವರ್ಷದಿಂದ ಬೆಳಿಗ್ಗೆ ಆರಕ್ಕೆ ಆ ಕೊಟ್ಟಿಗೆಗೆ ಹೋಗುತ್ತಾಳೆ. ಅವಳ ಟೀ ಲೋಟ ಕೊಟ್ಟಿಗೆಯ ತಗಡಿನ ಸಂದಿಯಲ್ಲಿ ಸಿಕ್ಕಿಸಿರುತ್ತದೆ. ಕುಡಿದು, ತೊಳೆದು, ತಾನೇ ಅಲ್ಲಿ ಸಿಕ್ಕಿಸಬೇಕು.

ಹಾಲು ಕರೆಯುವ ಹೊತ್ತಿಗೆ ಅವಳು ಹೊರಗೆ ನಿಲ್ಲಬೇಕು. ಕೆಚ್ಚಲು ಮುಟ್ಟಿದರೆ ಮೈಲಿಗೆಯಂತೆ. ಅಲ್ಲಾ, ಹೋದ ವರ್ಷ ಕಾಡಿಗೆ ಅನ್ನುವ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡು ಒದ್ದಾಡುವಾಗ ಇದೇ ಚಂದ್ರಶೇಖರ, "ಲೇ ಹನುಮೀ, ಕೈ ಹಾಕೇ, ಬಿರ್‍ರನೆ ಕೈ ಹಾಕೇ" ಎಂದು ಬಾಯಿ ಬಡಿದುಕೊಂಡಿದ್ದ. ಭುಜದ ತನಕ ಕೈ ಹಾಕಿ ಕರು ಎಳೆದುಕೊಟ್ಟವಳು ಅವಳು. ಆಗ ಮೈಲಿಗೆ ಎಲ್ಲಿ ಸತ್ತುಹೋಗಿತ್ತೋ! ಆ ಹಸುವಿನ ಗಿಣ್ಣನ್ನು ಕೇರಿ ಕೇರಿಗೆ ಹಂಚಿದರು. ಕಾಲೊನಿಗೆ ಬರಲಿಲ್ಲ.

ಈ ವರ್ಷ ಜೋಳಕ್ಕೆ ಯೂರಿಯಾ ಎರಚಿದ ಮಾರನೆ ದಿನದಿಂದ ಮಳೆ ನಿಂತಿತು. ಇಪ್ಪತ್ತೈದು ದಿನ ಒಂದು ಹನಿ ಇಲ್ಲ. ಎಲೆ ಸುರುಟಿಕೊಂಡು ಬೀಡಿಯಂತಾಯಿತು. ಆಮೇಲೆ ಎರಡು ದಿನ ಬಿಡದೆ ಮಳೆ ಹೊಡೆಯಿತು. ಜೋಳ ಕಪ್ಪುಹಸಿರಾಗಿ ಎದ್ದು ನಿಂತಿತು. ನೋಡಿದವರು, ಏನು ಮೇವಪ್ಪಾ, ದೃಷ್ಟಿ ತಾಗೀತು ಅನ್ನಬೇಕು, ಹಾಗೆ.

ಸೋಮವಾರ ಸಂಜೆಯಿಂದ ಚಂದ್ರಶೇಖರ ಹೊಸ ರಾಗ ಶುರು ಮಾಡಿದ. "ಮೊದ್ಲು ರಾಗಿಹುಲ್ಲು ಹಾಕು. ಅದು ತಿಂದ ಮ್ಯಾಲೆ ಜೋಳ." "ಬರೀ ಜೋಳ ಸುರೀಬ್ಯಾಡ. ಅರ್ಧಕ್ಕರ್ಧ ಒಣಹುಲ್ಲು ಬೆರ್ಸು." "ಒಂದೇ ಸಲಕ್ಕೆ ಹಾಕ್ಬ್ಯಾಡ, ಒಸೊಸಿ ಹಾಕು." ಅವಳು ಹೇಳಿದ್ದನ್ನೆಲ್ಲ ಮಾಡಿದಳು. ಯಾಕೆ ಎಂದು ಕೇಳಲಿಲ್ಲ. ಆ ಕೊಟ್ಟಿಗೆಯಲ್ಲಿ ಅವಳು ಕಾರಣ ಕೇಳುವುದು, ಅವನು ಹೇಳುವುದು ಎಂದೂ ನಡೆದಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಬದುವಿನ ಮೇಲೆ ನಿಂತು ಕುಯ್ಯಲು ಬಂದ ಹೆಂಗಸರಿಗೆ ಹೇಳಿದ.

"ಮೊಣಕಾಲುದ್ದ ಬುಟ್ಟು ಕುಯ್ರಿ. ತಲೆ ಕಡೇದು ನನ್ನ ಕೊಟ್ಟಿಗೆಗೆ. ಆಮ್ಯಾಲೆ ಬುಡಾನ ನೆಲಸಮ ಕುಯ್ದು ನೀವೇ ಹೊತ್ಕೊಂಡೋಗಿ. ತಲೆ ನಂದು, ಬುಡ ನಿಮ್ದು. ಹೊಲ ಚೊಕ್ಕ ಆದ್ರೆ ಸಾಕು ನಂಗೆ."

ಜೊತೆಗೆ ಕುಯ್ಯುತ್ತಿದ್ದ ಪೆದ್ದಮ್ಮ ಬಾಯಿ ಮೇಲೆ ಸೆರಗು ಹಿಡಿದಳು. ಪಾವಗಡದ ಕಡೆಯಿಂದ ಮದುವೆಯಾಗಿ ಬಂದವಳು, ನಾಲಿಗೆಯಲ್ಲಿ ಅರ್ಧ ತೆಲುಗು. "ಏಮಿದಿ ಅಕ್ಕಾ! ಇವತ್ತು ಸೂರ್ಯ ಯಾವ ಕಡೆ ಹುಟ್ಟವ್ನೆ?" ಎಂದಳು.

ಅವಳಿಗೆ ಆಶ್ಚರ್ಯವಾದದ್ದು ಸುಮ್ಮನಲ್ಲ. ಕೂಲಿಯವರು ಆ ಹೊಲದಿಂದ ಬದುವಿನ ಹುಲ್ಲು ಬಿಟ್ಟು ಬೇರೆ ಏನನ್ನೂ ಒಯ್ಯುವಂತಿರಲಿಲ್ಲ. ಒಂದು ಸಲ ಚಿಕ್ಕಹನುಮಕ್ಕನ ಹುಲ್ಲಿನ ಹೊರೆಯಲ್ಲಿ ನಾಲ್ಕು ಜೋಳದ ಎಲೆ ಇಣುಕಿದ್ದಕ್ಕೆ ನಡುಬೀದಿಯಲ್ಲಿ ಹೊರೆ ಬಿಚ್ಚಿಸಿದ್ದ. ಕಳ್ಳಿ ಅಂದಿದ್ದ. ಅಂಥವನು ಇವತ್ತು ಹಸಿ ಜೋಳದ ಬುಡ, ಹೆಬ್ಬೆರಳು ದಪ್ಪ, ಮುರಿದರೆ ರಸ ಸುರಿಯುವಂಥದ್ದು, ಪುಕ್ಕಟೆ ಒಯ್ಯಿರಿ ಅನ್ನುತ್ತಿದ್ದಾನೆ. ಚಿಕ್ಕಹನುಮಕ್ಕನಿಗೆ ಕಣ್ಣಲ್ಲಿ ನೀರು ಬಂತು. ಕುಡುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಮುಗಿದಳು.

"ದ್ಯಾವ್ರು ನಿಮ್ಗೆ ಒಳ್ಳೇದು ಮಾಡ್ಲಿ ಗೌಡ್ರೆ. ನನ್ನ ಕೆಂದಿ ಬಾಣಂತಿ. ಒಳ್ಳೆ ಮೇವು ಕಂಡು ತಿಂಗಳಾಗಿತ್ತು."

"ಹೂಂ, ಹೂಂ. ಕೆಲ್ಸ ನೋಡು" ಎಂದ. ಅವಳ ಮುಖ ನೋಡಲಿಲ್ಲ. ಮೋಟಾರ್ ಮನೆ ಕಡೆ ತಿರುಗಿಕೊಂಡ. ಅದನ್ನು ಅವಳು ಆವತ್ತು ದೊಡ್ಡತನ ಅಂದುಕೊಂಡಳು, ಪಾಪ.

ಒಂದೇ ಸಾಲಿಗೆ ಎರಡು ಸಲ ಬಗ್ಗಬೇಕಾಯಿತು. ಮೊದಲು ಮೊಣಕಾಲೆತ್ತರಕ್ಕೆ ಕುಯ್ದು ಅವನ ಹೊರೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಕೆಸರಲ್ಲಿ ಸರಿಯುತ್ತಾ, ಬುಡ ಕುಯ್ದು ತಮ್ಮ ಹೊರೆ. ಎಲೆಯ ಅಂಚು ಮುಂಗೈಯನ್ನು ಗೀರುತ್ತದೆ. ಗೀರಿದ ಕಡೆ ಬೆವರು ಇಳಿದು ಚುರುಗುಟ್ಟುತ್ತದೆ. ಸೊಂಟ ಎತ್ತಿದರೆ ಕಣ್ಣು ಕತ್ತಲಿಟ್ಟುಕೊಂಡು ಬರುತ್ತದೆ. ಆದರೂ ಅವಳು ಆವತ್ತು ಹಾಡಿಕೊಂಡು ಕುಯ್ದಳು. ಅವನ ಆರು ಹೊರೆ ಕೊಟ್ಟಿಗೆಗೆ ಹೊತ್ತು ಹಾಕಿ, ಏಳನೆಯದಾಗಿ ತನ್ನ ಬುಡದ ಹೊರೆಯನ್ನು ಸಿಂಬೆಯ ಮೇಲಿಟ್ಟುಕೊಂಡು ಮನೆಗೆ ನಡೆದಳು. ಬುಡದ ನೀರು ಕತ್ತಿನ ಮೇಲೆ, ಬೆನ್ನ ಮೇಲೆ ಸೋರುತ್ತಿತ್ತು.

ಕೆಂದಿ ಅಂದರೆ ಬರಿ ಹಸುವಲ್ಲ. ಕಾಲೊನಿಗೆಲ್ಲ ಅದೊಂದೇ ಹಸು. ಕರುವಾಗಿದ್ದಾಗ ತಂದು, ಗಂಜಿ ಕುಡಿಸಿ, ಮೂರು ವರ್ಷ ಸಾಕಿದ್ದಳು. ಎರಡು ತಿಂಗಳ ಕೆಳಗೆ ಅದು ಮೊದಲ ಸೂಲಿಗೆ ಹೆಣ್ಣುಗರು ಹಾಕಿತ್ತು. ಡೇರಿಯಲ್ಲಿ ಅವಳ ಕ್ಯಾನು ಸಾಲಿನ ಕೊನೆಗೇ ಇರಬೇಕು, ನಿಜ. ಆದರೂ ಇತ್ತು. "ಈ ಕರೂನೂ ಹಸ ಆಗ್ಬುಟ್ರೆ ಆ ಮನೆ ಸಗಣಿ ಬಾಚೋದು ಬುಡ್ತೀನಿ ಕಣಯ್ಯ" ಎಂದು ಗಂಡ ಅಡವಯ್ಯನಿಗೆ ಹೇಳಿದ್ದಳು. ಆ ಕೊಟ್ಟಿಗೆಯಿಂದ ಹೊರಗೆ ಬರಲು ಅವಳಿಗಿದ್ದ ಬಾಗಿಲು ಒಂದೇ, ಅದು ಕೆಂದಿ.

ಬೆಳಗಿನಿಂದ ಕೆಂದಿ ಹಸಿದಿತ್ತು. ಹನ್ನೆರಡು ಗಂಟೆಗೆ ಅವಳು ಹೊರೆ ಇಳಿಸಿದಳು. ಒಂದು ಮಂಕರಿ ತುಂಬ ಬುಡ ಕಡಿದು ಹಾಕಿದಳು. ಬಾಣಂತಿಗೆ ಬಡಿಸಿದ ಹಾಗೆ ಇನ್ನೊಂದು ಮಂಕರಿ ಹಾಕಿದಳು. ಕೆಂದಿ ಕಟಕಟ ಅಗಿದು ತಿಂದಿತು. ಅವಳು ಮುಂದೆ ಕೂತು ನೋಡಿದಳು.

ಎರಡು ಗಂಟೆಗೆ ಕೆಂದಿಯ ತೊಡೆ ನಡುಗಲು ಶುರುವಾಯಿತು. ಬಾಯಲ್ಲಿ ನೊರೆ. ಉಸಿರು ತಿದಿಯೊತ್ತಿದಂತೆ. ಕಾಲು ಕೆದರಿತು, ತೂರಾಡಿತು, ಮುಗ್ಗರಿಸಿ ಬಿತ್ತು. ಅಡವಯ್ಯ ಮಿಡಿಗೇಶಿಗೆ ಫೋನು ಹಚ್ಚಿದ. ದನದ ಡಾಕ್ಟರು ಮೋಹನ್ ಕುಮಾರ್ ಬೈಕಿನಲ್ಲಿ ಬಂದವರೇ ಹಸುವಿನ ತುಟಿ ಮಡಚಿ ನೋಡಿದರು. ಒಸಡು ಕಂದಿಹೋಗಿತ್ತು. ಕಿವಿಗೆ ಸೂಜಿ ಚುಚ್ಚಿದರು. ರಕ್ತ ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನಂತೆ ಇತ್ತು. ಆಗಲೇ ಅವರ ಕಣ್ಣು ಮಂಕರಿಯ ಕಡೆ ಹೋಯಿತು.

"ಬರೀ ಬುಡ! ಇದನ್ನ ಯಾರಮ್ಮ ಕೊಟ್ಟಿದ್ದು?"

ಅವಳು ಹೇಳಿದಳು. ಡಾಕ್ಟರು ನೀಲಿ ಬಣ್ಣದ ಇಂಜೆಕ್ಷನ್ ಏರಿಸುತ್ತಲೇ ಹಲ್ಲು ಕಚ್ಚಿ ಮಾತಾಡಿದರು. "ಯೂರಿಯಾ ಹಾಕಿ, ಮಳೆ ಇಲ್ದೆ ಪೈರು ಬಾಡಿ, ಆಮೇಲೆ ಒಂದೇ ಸಲ ಮಳೆ ಬಿದ್ರೆ ಗೊಬ್ಬರದ ನಂಜೆಲ್ಲ ಬುಡದಲ್ಲಿ ನಿಲ್ಲುತ್ತೆ. ತಲೆ ಕಡೆ ಕಮ್ಮಿ. ಸೋಮವಾರ ಆ ಚಂದ್ರಣ್ಣನ ಕೊಟ್ಟಿಗೆಯಲ್ಲಿ ನಿಂತು ಇದನ್ನೇ ಹೇಳಿದ್ದೆ. ಒಂದು ವಾರ ತಡೀರಿ, ತಡೆಯೋಕಾಗದಿದ್ರೆ ಮೊಣಕಾಲೆತ್ತರ ಬಿಟ್ಟು ಕುಯ್ಸಿ, ಮೊದ್ಲು ಒಣಹುಲ್ಲು ತಿನ್ಸಿ, ಬುಡ ಹೊಲದಲ್ಲೇ ಇರ್ಲಿ, ಯಾವ ದನಕ್ಕೂ ಹಾಕ್ಬೇಡಿ ಅಂದೆ. ಊರಲ್ಲೆಲ್ಲ ಹೇಳಿ ಅಂತಾನೂ ಅಂದೆ. ಹೂಂ ಸಾರ್ ಅಂದ್ರು."

ಇಂಜೆಕ್ಷನ್ ಮುಗಿಯುವ ಮೊದಲೇ ಕೆಂದಿ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪೆದ್ದಮ್ಮನ ಮೇಕೆಗಳು ಬೆಟ್ಟಕ್ಕೆ ಮೇಯಲು ಹೋಗಿದ್ದವು, ಅದಕ್ಕೆ ಉಳಿದವು. ಡಾಕ್ಟರು ಸತ್ತದ್ದು ಯಾವುದರಿಂದ ಎಂದು ಚೀಟಿ ಬರೆದು, ಮೊಹರು ಒತ್ತಿ, ಅವಳ ಕೈಗೆ ಕೊಟ್ಟರು.

ಚಿಕ್ಕಹನುಮಕ್ಕ ಅಳಲಿಲ್ಲ. ಅವಳ ತಲೆಯಲ್ಲಿ ಸೋಮವಾರದಿಂದ ಅವನು ಆಡಿದ ಒಂದೊಂದು ಮಾತೂ ಎದ್ದು ಬಂತು. ಮೊದ್ಲು ರಾಗಿಹುಲ್ಲು ಹಾಕು. ಅರ್ಧಕ್ಕರ್ಧ ಬೆರ್ಸು. ಒಸೊಸಿ ಹಾಕು. ಅವನ ಎಂಟು ಹಸುವನ್ನು ಉಳಿಸಿದ್ದು ತನ್ನದೇ ಕೈ. ಅದೇ ಕೈಯಲ್ಲಿ ತನ್ನ ಹಸುವಿಗೆ ವಿಷ ತಿನ್ನಿಸಿದ್ದಳು. ಅದೇ ಕೈ ಅವನಿಗೆ ಮುಗಿದಿತ್ತು. ಅವನಿಗೆ ಗೊತ್ತಿತ್ತು. ಬುಡ ಕೀಳಿಸಲು ಆಳು ಹಚ್ಚಬೇಕಾದೀತು ಎಂದು ವಿಷವನ್ನು ದಾನದ ಹೆಸರಲ್ಲಿ ತಲೆ ಮೇಲೆ ಹೊರಿಸಿ ಕಳಿಸಿದ್ದ. ಹೊಲ ಚೊಕ್ಕವಾಯಿತು.

ಅವಳು ಅವನ ಜಗಲಿಯ ಮುಂದೆ ಹೋಗಿ ನಿಂತಳು. ಅವನು ಒಳಗಿನಿಂದಲೇ ಮಾತಾಡಿದ.

"ಹಸ ಸತ್ರೆ ನಾನೇನೇ ಮಾಡ್ಲಿ? ನನ್ನ ಹಸಗಳು ಅದೇ ಹೊಲ್ದ ಮೇವು ತಿಂದಿಲ್ವಾ? ಮೇವ್ನಾಗೆ ಏನೂ ಇಲ್ಲ. ಪುಕ್ಸಟ್ಟೆ ಸಿಕ್ತು ಅಂತ ತುರ್ಕಿದ್ದೀಯ. ಹಸ ಸಾಕಾದು ನಿಮ್ಗೆ ಬರಾಕಿಲ್ಲ ಕಣೇ, ನಿಮ್ಗೆ ಬರೋದು ಸತ್ತ ಹಸ ಹೊರಾದು. ಹೊತ್ತಾಕ್ಬುಟ್ಟು, ನಾಳೆ ಒತ್ತಾರೆ ಬಂದು ಉಳಿದ ಸಾಲು ಕುಯ್ಯಿ."

ಅವಳು ತಿರುಗಿ ಮನೆಗೆ ನಡೆದಳು. ಕೆಂದಿಯನ್ನು ಹೊರಲೂ ಇಲ್ಲ, ಸುಲಿಯಲೂ ಇಲ್ಲ. ಅಡವಯ್ಯ ಮನೆ ಹಿಂದೆ ಎದೆಮಟ್ಟ ಗುಂಡಿ ತೋಡಿದ. ಹೂಳಿದರು. ಕರು ಗುಂಡಿಯ ಅಂಚಿನಲ್ಲಿ ನಿಂತು ಅಂಬಾ ಅನ್ನುತ್ತಲೇ ಇತ್ತು.

ಮಾರನೆ ದಿನ ಅವಳು ಕುಡುಗೋಲು ಹಿಡಿದು ಹೊರಟಾಗ ಅಡವಯ್ಯ ಬಾಗಿಲಿಗೆ ಅಡ್ಡ ನಿಂತ. "ನಾಚ್ಕೆ ಆಗಾಕಿಲ್ವೇನೇ? ಮತ್ತೆ ಅವನ ಹೊಲ್ಕೆ ಹೋಗ್ತೀಯಲ್ಲ!"

"ಹೋಗ್ತೀನಿ. ನಂಗೆ ಕೆಲ್ಸ ಐತೆ" ಎಂದಳು.

ಕೆಲಸ ಏನೆಂದು ಅವಳಿಗೆ ಗೊತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹೊಲದಲ್ಲಿದ್ದಳು. ಮೊಣಕಾಲುದ್ದ ಬಿಡಲಿಲ್ಲ. ನೆಲಕ್ಕೆ ಕುಡುಗೋಲು ತಾಗಿಸಿ ಕುಯ್ದಳು. ತಲೆ ಕತ್ತರಿಸಿ ಬಿಸಾಡಿ ಬುಡವನ್ನಷ್ಟೇ ಹೊರೆ ಕಟ್ಟಿ ಕೊಟ್ಟಿಗೆಗೆ ಹೊತ್ತಳು. ಮಿಷನ್ನಿಗೆ ಕೊಟ್ಟಳು. ಕತ್ತರಿಸಿ ಬಿದ್ದ ಮೇಲೆ ತಲೆ ಯಾವುದು, ಬುಡ ಯಾವುದು, ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಎಂಟೂ ಮಲಗಲಿ ಎಂದುಕೊಂಡಳು. ಒಂದಾದ ಮೇಲೆ ಒಂದು ಬೀಳಲಿ. ಅವನು ಒಂದರಿಂದ ಇನ್ನೊಂದಕ್ಕೆ ಓಡಲಿ, ಬಾಯಿ ಬಡಿದುಕೊಳ್ಳಲಿ. ಆಗ ನಾನೂ ಹೇಳ್ತೀನಿ, ಹಸ ಸಾಕಾದು ನಿಂಗೆ ಬರಾಕಿಲ್ಲ ಅಂತ. ಹಾಗೆ ಅಂದುಕೊಂಡಾಗ ನಿನ್ನೆ ಮಧ್ಯಾಹ್ನದಿಂದ ಮೊದಲ ಸಲ ಅವಳ ಎದೆ ತಣ್ಣಗಾಯಿತು.

ಮಂಕರಿ ತುಂಬಿ ಗೋದಲಿಯ ಹತ್ತಿರ ಬಂದಳು. ಮೊದಲು ಇದ್ದದ್ದು ಕಾಡಿಗೆ. ಕತ್ತು ಚಾಚಿ ಅವಳ ಮೊಣಕೈಯನ್ನು ನೆಕ್ಕಿತು. ಭುಜದ ತನಕ ಒಳಗೆ ಹೋಗಿ ಕರು ಎಳೆದುಕೊಟ್ಟ ಕೈ ಅದು. ಹಸುವಿಗೆ ನೆನಪಿದೆ, ಮನುಷ್ಯನಿಗಿಲ್ಲ. ಚಿಕ್ಕಹನುಮಕ್ಕ ಮಂಕರಿಯನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತುಬಿಟ್ಟಳು. ನೀನೇನು ಮಾಡಿದ್ಯೇ ತಾಯೀ, ಅಂದಳು. ಎದೆ ಮತ್ತೆ ಕುದಿಯತೊಡಗಿತು. ಆದರೆ ಈಗ ಅವಳಿಗೆ ದಾರಿ ಕಂಡಿತ್ತು.

ಚಂದ್ರಶೇಖರನ ಮನೆ ಎದುರೇ ಹಾಲಿನ ಡೇರಿ. ಏಳು ಗಂಟೆ. ಕ್ಯಾನು ಹಿಡಿದು ಇಪ್ಪತ್ತು ಜನ ಸಾಲು ನಿಂತಿದ್ದರು. ಅವಳು ಕಾಡಿಗೆಯ ಹಗ್ಗ ಬಿಚ್ಚಿ ಬೀದಿಗೆ ಎಳೆದುಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಮಂಕರಿ. ಬೀದಿ ನಡುವೆ ಹಸು ನಿಲ್ಲಿಸಿ ಕೂಗಿದಳು.

"ಗೌಡ್ರೇ! ಒಸಿ ಆಚೆ ಬರ್‍ರಿ!"

ಚಂದ್ರಶೇಖರ ಹಲ್ಲುಜ್ಜುತ್ತಾ ಬಂದ. "ಏನೇ ಇದು? ಹಾಲು ಕರ್‍ಯೋ ಹೊತ್ನಾಗೆ ಹಸ ಯಾಕೆ ಬಿಚ್ಚಿದೆ?"

"ನಿನ್ನೆ ಮೇವ್ನಾಗೆ ಏನೂ ಇಲ್ಲ ಅಂದ್ರಲ್ಲ ಗೌಡ್ರೆ. ನಮ್ಗೆ ಹಸ ಸಾಕಾಕೆ ಬರಾಕಿಲ್ಲ ಅಂದ್ರಿ. ನೀವೇ ತೋರ್ಸಿ. ಈ ಮಂಕರೀಲಿ ಇರೋದು ಬುಡ. ನಂಗೆ ಕೊಟ್ರಲ್ಲ, ಅದೇ. ಎಲ್ರೂ ನೋಡ್ಲಿ, ನಿಮ್ಮ ಕೈಯಾರೆ ತಿನ್ಸಿ."

ಸಾಲು ಇತ್ತ ತಿರುಗಿತು. ಚಂದ್ರಶೇಖರ ಬ್ರಷ್ ಬಾಯಿಂದ ತೆಗೆದ. "ಲೇ ಹನುಮಿ, ತಲೆ ಕೆಟ್ಟೈತಾ? ಅತ್ಲಾಗಿಡು ಅದನ್ನ."

"ಯಾಕೆ ಗೌಡ್ರೆ?"

"ಇಡು ಅಂದೆ!"

"ನಿಮ್ಗೆ ಆಗ್ದಿದ್ರೆ ಬುಡಿ, ನಾನೇ ತಿನ್ಸ್ತೀನಿ. ನಂಗೆ ಅಭ್ಯಾಸ ಐತೆ." ಮಂಕರಿ ಕಾಲಬುಡದಲ್ಲಿಟ್ಟು ಒಂದು ಬೊಗಸೆ ತೆಗೆದುಕೊಂಡಳು. ಕಾಡಿಗೆ ನಾಲಿಗೆ ಚಾಚಿತು. ಇನ್ನು ಒಂದು ಗೇಣು.

ಚಂದ್ರಶೇಖರ ಜಗಲಿಯಿಂದ ಹಾರಿ ಬಂದ. ಅವಳ ಕೈಗೆ ಫಟಾರನೆ ಹೊಡೆದ. ಮಂಕರಿಯನ್ನು ಒದ್ದ. ಬುಡದ ಚೂರು ಬೀದಿಯೆಲ್ಲ ಚೆಲ್ಲಿತು. "ನನ್ನ ಹಸ ಸಾಯಿಸ್ತೀಯೇನೇ ಬೋಸುಡೀ! ಉಂಡ ಮನೆಗೆ ಎರಡು ಬಗೀತೀಯಾ!"

ಡೇರಿಯ ತೂಕದ ಮಿಷನ್ನಿನ ಸದ್ದೊಂದೇ ಕೇಳುತ್ತಿತ್ತು.

"ಸಾಯ್ತದಾ?" ಎಂದಳು ಚಿಕ್ಕಹನುಮಕ್ಕ. ಮೆಲ್ಲಗೆ ಕೇಳಿದಳು. "ನಿನ್ನ ಹಸ ತಿಂದ್ರೆ ಸಾಯ್ತದಾ? ನನ್ನ ಹಸ ತಿಂದ್ರೆ ಏನೂ ಆಗಾಕಿಲ್ಲ ಅಂದ್ಯಲ್ಲಾ."

ಎಂಟು ವರ್ಷದಲ್ಲಿ ಮೊದಲ ಸಲ ಅವನನ್ನು ನೀನು ಅಂದಿದ್ದಳು. ಅವನ ಬಾಯಿಂದ ನೊರೆ ಇಳಿಯುತ್ತಿತ್ತು, ಪೇಸ್ಟಿನದು. ಒರೆಸಿಕೊಳ್ಳಲೂ ಮರೆತಿದ್ದ.

ಸಾಲಿನಲ್ಲಿದ್ದ ಸಂಜೀವಯ್ಯ ಕ್ಯಾನು ಕೆಳಗಿಟ್ಟು ಮುಂದೆ ಬಂದ. ಊರಿನ ಹಿರಿಯ, ಚಂದ್ರಶೇಖರನ ಕುಲದವನೇ. "ಅಂದ್ರೆ ನಿಂಗೆ ಗೊತ್ತಿತ್ತೇನೋ ಚಂದ್ರಾ? ನಾನೂ ಯೂರಿಯಾ ಹಾಕಿವ್ನಿ ಕಣೋ. ನಿನ್ನೆ ಬುಡಸಮೇತ ಕುಯ್ಸಿ ಮನೇಲಿ ಇಟ್ಟಿವ್ನಿ. ಒಂದ್ ಮಾತು ಹೇಳಾಕೆ ಏನಾಗಿತ್ತೋ ನಿಂಗೆ?" ಹಿಂದಿನಿಂದ ಇನ್ನಿಬ್ಬರು ಕ್ಯಾನು ಬಿಟ್ಟು ತಮ್ಮ ಕೊಟ್ಟಿಗೆಗಳ ಕಡೆ ಓಟ ಕಿತ್ತರು. ನೋಡಿ, ನಿನ್ನೆ ಸಂಜೆಯೆಲ್ಲ ಕೆಂದಿ ಸತ್ತ ಸುದ್ದಿ ಊರಲ್ಲಿ ಓಡಾಡಿತ್ತು. ಆಗ ಇವರ ಬಾಯಿಗೆ ಬೀಗ. ತಮ್ಮ ಗೋದಲಿಗೆ ಬಂತು ಅಂದ ಕೂಡಲೇ ನ್ಯಾಯ ನೆನಪಾಯಿತು. ಚಿಕ್ಕಹನುಮಕ್ಕನಿಗೆ ಅದೂ ಕಂಡಿತು, ಅವರ ಮೇಲೂ ಅವಳಿಗೆ ಅಸಹ್ಯ ಬಂತು.

ಅವಳು ಕಾಡಿಗೆಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು.

"ಹಸಕ್ಕೆ ಹಸ. ಇದು ನಂದು. ನಾನು ಒಳಗಿಂದ ಎಳ್ದು ಉಳ್ಸಿದ್ದು."

"ಮುಟ್ಟು ನೋಡಾನ! ಪೊಲೀಸ್ನೋರ್ನ ಕರಿಸ್ತೀನಿ!"

"ಕರ್ಸು. ಮಧುಗಿರಿಯಿಂದ ಕರ್ಸು. ಡಾಕ್ಟ್ರು ಬರ್ದ ಚೀಟಿ ನನ್ನ ಸೊಂಟದಾಗೈತೆ. ನೀನು ಈಗ ಬಾಯಾರೆ ಒದರಿದ್ದು ಇಪ್ಪತ್ತು ಜನ ಕೇಳವ್ರೆ. ಎಂಟು ವರ್ಷ ನನ್ನ ಲೋಟ ತಗಡಿಗೆ ಸಿಕ್ಕಿಸ್ದೋನು ನೀನು. ಅದ್ನೂ ಸೇರ್ಸಿ ಬರಿಸ್ತೀನಿ. ಕರ್ಸು!"

ಅವನು ಸುತ್ತ ನೋಡಿದ. ಯಾರೂ ಅವನ ಮುಖ ನೋಡಲಿಲ್ಲ. ಸಂಜೀವಯ್ಯ ನೆಲ ನೋಡುತ್ತಾ, "ಬುಡೋ, ಹೊಡ್ಕೊಂಡೋಗ್ಲಿ" ಎಂದ. ಚಿಕ್ಕಹನುಮಕ್ಕ ಹಸು ಹೊಡೆದುಕೊಂಡು, ದೊಡ್ಡ ಬೀದಿಯ ನಡುಮಧ್ಯದಲ್ಲೇ, ಯಾವ ಬೀದಿಯಲ್ಲಿ ಅವಳ ಹೊರೆ ಬಿಚ್ಚಿಸಿದ್ದನೋ ಅದೇ ಬೀದಿಯಲ್ಲಿ, ಕಾಲೊನಿಯ ಕಡೆ ನಡೆದಳು.

ಮನೆ ಮುಂದೆ ಕಾಡಿಗೆಯನ್ನು ಕಟ್ಟಿ, ಮೊದಲು ರಾಗಿಹುಲ್ಲು ಹಾಕಿದಳು. ಆಮೇಲೆ ಕೈ ತೊಳೆದು ಕೆಚ್ಚಲ ಮುಂದೆ ಕೂತಳು. ಎಂಟು ವರ್ಷ ಮುಟ್ಟಬಾರದು ಅಂದಿದ್ದ ಕೆಚ್ಚಲು. ಮೊದಲ ಧಾರೆ ಬಟ್ಟಲಿಗೆ ಬಿದ್ದಾಗ ಅವಳಿಗೆ ದುಃಖ ಒತ್ತರಿಸಿ ಬಂತು. ಕೆಂದಿ ಸತ್ತದ್ದಕ್ಕೆ ಅವಳು ಅತ್ತದ್ದು ಆಗ. ಅಳುತ್ತಲೇ ಕರೆದು ಕೆಂದಿಯ ಕರುವಿಗೆ ಕುಡಿಸಿದಳು.

ಪೊಲೀಸರು ಬರಲಿಲ್ಲ. ಚಂದ್ರಶೇಖರನ ಹೊಲಕ್ಕೆ ಕೂಲಿಯವರೂ ಬರಲಿಲ್ಲ. ಕಾಲೊನಿಯಿಂದ ಒಬ್ಬರೂ ಕದಲಲಿಲ್ಲ. ಪಕ್ಕದ ಊರಿಗೆ ಆಟೋ ಕಳಿಸಿದ. ಪೆದ್ದಮ್ಮ ಅವನಿಗಿಂತ ಮುಂಚೆ ಅಲ್ಲಿಗೆ ಹೋಗಿ ಬಂದಿದ್ದಳು. ಆಟೋ ಖಾಲಿ ತಿರುಗಿತು. ಜೋಳ ನಿಂತಲ್ಲೇ ಬಲಿಯತೊಡಗಿತು. ಕೊಟ್ಟಿಗೆಯ ಏಳು ಹಸುಗಳ ಅರಚಾಟ ಕಾಲೊನಿಗೆ ಕೇಳುತ್ತಿತ್ತು. ಸಗಣಿ ಮೊಣಕಾಲಿಗೆ ಬಂದಿತ್ತಂತೆ.

ನಾಲ್ಕನೆಯ ದಿನ ಬೆಳಿಗ್ಗೆ ಚಂದ್ರಶೇಖರ ಕಾಲೊನಿಗೆ ಬಂದ. ಆ ಊರಲ್ಲಿ ಹುಟ್ಟಿ ಐವತ್ತು ವರ್ಷವಾಗಿತ್ತು, ವೋಟು ಕೇಳುವಾಗ ಬಿಟ್ಟರೆ ಅಲ್ಲಿಗೆ ಕಾಲಿಟ್ಟವನಲ್ಲ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ತಾನೇ ಕುಯ್ಯಲು ಹೋಗಿ ಕುಡುಗೋಲು ತಾಗಿಸಿಕೊಂಡಿದ್ದ. ಚಿಕ್ಕಹನುಮಕ್ಕ ಹಾಲು ಕರೆಯುತ್ತಿದ್ದಳು. ಪೆದ್ದಮ್ಮ ಗೋಡೆಗೆ ಒರಗಿ ಎಲೆಯಡಿಕೆ ಅಗಿಯುತ್ತಿದ್ದಳು. ಅವನು ದೂರದಲ್ಲೇ ನಿಂತು ಕೆಮ್ಮಿದ.

"ಹನುಮಕ್ಕಾ" ಎಂದ.

ಅಕ್ಕ ಈಗ ಬಂತು. ಅವಳು ಕೆಚ್ಚಲಿಂದ ಕೈ ತೆಗೆಯಲಿಲ್ಲ.

"ಆಗಿದ್ದು ಆಗೋಯ್ತು. ಹಸಗಳು ಹೊಟ್ಟೆಗಿಲ್ದೆ ಅರಚ್ತಾವೆ. ನಿಂಗೂ ಅವೆಲ್ಲ ಮಕ್ಳಿದ್ದಂಗೆ ಅಲ್ವಾ? ಬರ್‍ರಮ್ಮ. ಬುಡ ಬ್ಯಾಡ, ಈ ಸಲ ತಲೆ ಕಡೇದೇ ಕೊಡ್ತೀನಿ, ಅರ್ಧ ನಿಮ್ಗೆ. ನಂಗೆ ಬಗ್ಗಾಕೆ ಆಗ್ತಿಲ್ಲ."

ಧಾರೆ ಬಟ್ಟಲಿಗೆ ಬೀಳುತ್ತಲೇ ಇತ್ತು. ಅವಳು ತಲೆ ಎತ್ತಿ ಅವನ ಸುತ್ತಿದ ಕೈ ನೋಡಿದಳು, ಕೆಸರಾದ ಪಂಚೆ ನೋಡಿದಳು, ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

"ತಲೇನೂ ನಿಂದೇ, ಬುಡಾನೂ ನಿಂದೇ" ಎಂದಳು. "ಹೋಗು. ಬಗ್ಗು."